ತಾಮ್ರದಲ್ಲಿ ಚಿಮ್ಮಿದ ನೀರು

ಮರುಭೂಮಿಯಲ್ಲಿ ನೀರಡಿಸಿ ಕಂಗೆಟ್ಟ ಜನಕ್ಕಾಗಿ ಮೋಶೆ ಕೋಲಿನಿಂದ ಬಂಡೆಗೆ ಹೊಡೆದು ನೀರು ತರಿಸಿದ ಕಥೆ ಬೈಬಲಿನದು. ಶಿಗ್ಗಾಂವ, ಸವಣೂರು ಸೀಮೆಯ ಮುಸ್ಲಿಂ ಮನೆಗಳಲ್ಲಿ ಇದೇ ಕಥೆ ಮೂಸಾ ಪೈಗಂಬರರದು. ಕುರಾನಿನಲ್ಲಿ ಆ ಬಂಡೆಯಿಂದ 12 ಬುಗ್ಗೆಗಳು ಚಿಮ್ಮುತ್ತವೆ. ಈ ಪ್ರಸಂಗವನ್ನು 1687ರಲ್ಲಿ ತಾಮ್ರದ ತಗಡಿನಲ್ಲಿ ಕಂಡರಿಸಿ ಕಾಗದಕ್ಕೆ ಇಳಿಸಿದಾಕೆ ಫ್ರಾನ್ಸಿನ ಕ್ಲೋದೀನ್ ಬೂಜೊನೆ ಸ್ಟೆಲ್ಲಾ.

ಕ್ಲೋದೀನ್ ಹುಟ್ಟಿದ್ದು 1636ರಲ್ಲಿ, ಲಿಯೋನ್ ಪಟ್ಟಣದಲ್ಲಿ. ತಂದೆಯದು ಪತ್ತಾರಿಕೆ. ಯುರೋಪಿನಲ್ಲಿ ತಾಮ್ರದ ಕೆತ್ತನೆಯ ಅಚ್ಚು ಬೆಳೆದದ್ದೂ ಬಂಗಾರ ಬೆಳ್ಳಿಯ ಮೇಲೆ ಗೆರೆ ಕೊರೆಯುತ್ತಿದ್ದ ಕೈಗಳಿಂದಲೇ. ಸೋದರಮಾವ ಜಾಕ್ ಸ್ಟೆಲ್ಲಾ ರಾಜನ ಚಿತ್ರಕಾರ, ಪ್ಯಾರಿಸಿನ ಲೂವ್ರ್ ಅರಮನೆಯಲ್ಲೇ ವಾಸ. ಅಲ್ಲಿ ತಂಗಿಯರೂ ತಮ್ಮನೂ ಆಕೆಯೊಂದಿಗೆ ಕಸುಬು ಕಲಿತರು. 1657ರಲ್ಲಿ ಮಾವ ತೀರಿಕೊಂಡ ಮೇಲೆ ಚಿತ್ರಗಳನ್ನು ಅಚ್ಚು ಹಾಕಿಸುವ ರಾಜಪರವಾನಗಿ ದೊರೆತದ್ದು ಇಪ್ಪತ್ತೊಂದರ ಕ್ಲೋದೀನಳಿಗೆ.

ಮೋಶೆಯ ಮೂಲಚಿತ್ರ ನಿಕೋಲಾ ಪುಸೇನ್ ಎಂಬ ದೊಡ್ಡ ಚಿತ್ರಕಾರ 1649ರಲ್ಲಿ ಗೆಳೆಯ ಸ್ಟೆಲ್ಲಾನಿಗಾಗಿ ಬರೆದದ್ದು. ಅದು ಮನೆಯಲ್ಲೇ ಇತ್ತು. ಹಾಗೆಂದು ಕ್ಲೋದೀನಳ ಕೆಲಸವನ್ನು ನಕಲು ಎನ್ನುವುದು ಅನ್ಯಾಯ. ಚಿತ್ರಕಾರನ ಕೈಲಿ ಬಣ್ಣವಿತ್ತು; ಆಕೆಯ ಪಾಲಿಗೆ ಇದ್ದದ್ದು ಕಪ್ಪು ಗೆರೆ, ಬಿಳಿ ಕಾಗದ. ಚೂಪಾದ ಸಣ್ಣ ಉಳಿಯ ಹಿಡಿಯನ್ನು ಅಂಗೈಗೆ ಆನಿಸಿ ಮುಂದಕ್ಕೆ ದೂಡಿದರೆ ತಾಮ್ರ ಎಳೆಯಾಗಿ ಸುರುಳಿ ಸುತ್ತಿ ಏಳುತ್ತದೆ. ಗೆರೆ ಬಾಗಬೇಕಾದಲ್ಲಿ ತಗಡನ್ನೇ ತಿರುಗಿಸಬೇಕು. ನೆರಳಿಗೆ ಗೆರೆ ಒತ್ತಾಗಿ, ಒಂದರ ಮೇಲೊಂದು ಅಡ್ಡಹಾಯ್ದು ಬರಬೇಕು. ಬೆಳಕಿಗೆ ಗೆರೆ ವಿರಳ. ಕೆಲವು ಕಡೆ ಆಮ್ಲದಿಂದ ಲೋಹವನ್ನು ಕೊರೆಸುವುದೂ ಉಂಟು. ಬಳಿಕ ಗೀರುಗಳಿಗೆ ಮಸಿ ತುಂಬಿ, ಮೇಲ್ಮೈ ಒರೆಸಿ, ಹಸಿ ಕಾಗದವಿಟ್ಟು ಉರುಳೆಗಳ ನಡುವೆ ಒತ್ತಿ ತೆಗೆದರೆ ಅಚ್ಚು ತಯಾರು. ತಗಡಿನ ಎಡ ಕಾಗದದಲ್ಲಿ ಬಲವಾಗುತ್ತದೆ, ಅದನ್ನೂ ಮೊದಲೇ ಲೆಕ್ಕ ಹಾಕಿರಬೇಕು. ಬಾಗಿ ಕುಡಿಯುವವರು, ಪಾತ್ರೆ ಚಾಚುವವರು, ಮಕ್ಕಳಿಗೆ ನೀರು ಬಯಸುವ ತಾಯಂದಿರು, ಈ ಗುಂಪೆಲ್ಲ ಗೆರೆಗಳಲ್ಲೇ ಮೂಡಬೇಕಿತ್ತು. ಪುಸೇನನ ಗುಣವನ್ನು ಇಷ್ಟು ಚೆನ್ನಾಗಿ ಹಿಡಿದ ಕೆತ್ತನೆಗಾರರು ಬೇರಿಲ್ಲವೆಂದು 18ನೆಯ ಶತಮಾನದ ಸಂಗ್ರಾಹಕ ಮಾರಿಯೆತ್ ಮೆಚ್ಚಿದ್ದ.

ಶಿಲುಬೆಗೇರಿದ ಯೇಸುವಿನ ಪುಸೇನ್ ಚಿತ್ರವನ್ನೂ ಕ್ಲೋದೀನ್ ಕೆತ್ತಿದಳು. 1693ರಲ್ಲಿ ಮನೆಯ ವರ್ಣಚಿತ್ರ, ತಗಡುಗಳ ಪಟ್ಟಿ ಬರೆಯತೊಡಗಿದ ಆಕೆ 1697ರಲ್ಲಿ ತೀರಿಕೊಂಡಳು. ಉಯಿಲಿನೊಡನೆ ಆ ಪಟ್ಟಿ 1877ರಲ್ಲಿ ಪ್ರಕಟವಾಯಿತು. ಮೋಶೆಯ ಮೂಲಚಿತ್ರ ಈಗ ರಷ್ಯಾದ ಹರ್ಮಿಟೇಜ್ ಸಂಗ್ರಹಾಲಯದಲ್ಲಿದೆ.