ಆಟವೂ ನಮ್ಮ ಹಕ್ಕು
(ಗಿರಣಿ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಕೂಲಿ, ಬೋನಸ್ಸು, ತುಟ್ಟಿಭತ್ಯೆಗಳ ಮಾತನ್ನು ಬಿಟ್ಟು ಇಂದು ಆಟದ ಮಾತೆತ್ತಿದರೆ ನಿಮಗೆ ನಗು ಬಂದೀತು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎಂದು ಯಾರಾದರೂ ಹಂಗಿಸಲೂಬಹುದು. ಹಿಂದೆ ನಾವೂ ಹಾಗೆಯೇ ತಿಳಿದಿದ್ದವರು.

ನಾವು ಉಪಾಧ್ಯಾಯರಾಗಿದ್ದಾಗ, ಆಟದ ಗಂಟೆ ಬಾರಿಸಿತೆಂದರೆ ಹುಡುಗರೆಲ್ಲ ಲಗೋರಿಗೆ, ಚಿನ್ನಿದಾಂಡಿಗೆ ಓಡುತ್ತಿದ್ದರು. ಒಬ್ಬ ಹುಡುಗ ಮಾತ್ರ ಗೋಡೆಗೊರಗಿ ನಿದ್ದೆ ಹೋಗುತ್ತಿದ್ದ. ಸೋಮಾರಿಯೆಂದು ಗದರಿಸಿದೆವು. ಆಮೇಲೆ ತಿಳಿಯಿತು: ಅವನು ನಸುಕಿನಲ್ಲೆದ್ದು ಹೋಟೆಲಿನಲ್ಲಿ ಲೋಟ ತೊಳೆದು ಶಾಲೆಗೆ ಬರುತ್ತಿದ್ದ. ಆಡುವ ಕಸುವೇ ಅವನಲ್ಲಿ ಉಳಿದಿರಲಿಲ್ಲ. ಆ ಗದರಿಕೆಯ ನಾಚಿಕೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಆಟವೆಂದರೇನು? ಹಾಲೆಂಡಿನ ವಿದ್ವಾಂಸ ಯೋಹಾನ್ ಹೈಸಿಂಗ 1938ರಲ್ಲಿ 'ಆಡುವ ಮಾನವ' ಎಂಬರ್ಥದ ಹೆಸರಿಟ್ಟು ಒಂದು ಗ್ರಂಥವನ್ನೇ ಬರೆದರು. ಆಟದ ಮೊದಲ ಲಕ್ಷಣ ಸ್ವಾತಂತ್ರ್ಯ, ಅಪ್ಪಣೆ ಮಾಡಿ ಆಡಿಸಿದ್ದು ಆಟವಾಗದು ಎಂಬುದು ಅವರ ವಿಚಾರ. ಯೋಚಿಸಿ ನೋಡಿ. ಮಗ್ಗದ ಮುಂದೆ ನಾವು ನಿಲ್ಲುವುದು ಕೂಲಿಗಾಗಿ. ಅಂಗಡಿಯಲ್ಲಿ ಕೂಡುವುದು ಲಾಭಕ್ಕಾಗಿ. ಸಂಜೆ ಕಟ್ಟೆಯ ಮೇಲೆ ಚೌಕಾಬಾರದ ಕವಡೆ ಎಸೆಯುವುದು ಯಾತಕ್ಕಾಗಿ? ಅದರ ಸಂತೋಷಕ್ಕಾಗಿಯೇ. ಆಗ ಮನುಷ್ಯ ಯಾರ ಕೈಯ ಸಲಕರಣೆಯೂ ಅಲ್ಲ. ಮೇಲಾಗಿ ಆಟದ ನಿಯಮ ಎಲ್ಲರಿಗೂ ಒಂದೇ. ಕಬಡ್ಡಿಯಲ್ಲಿ ಮಾಲೀಕನ ಮಗನೂ ಔಟಾದರೆ ಗೆರೆಯಾಚೆ ಹೋಗಿ ಕೂಡಲೇಬೇಕು. ಸಮಾನತೆಯ ಮೊದಲ ಪಾಠವನ್ನು ನಾವು ಕಲಿತದ್ದು ಬೀದಿಯ ಆಟದಲ್ಲಿ.

ಆದರೆ ಆಡಲು ಹೊತ್ತು ಬೇಕು. ಇಂಗ್ಲೆಂಡಿನಲ್ಲಿ 1850ರ ಕಾಯಿದೆ ಬಟ್ಟೆ ಗಿರಣಿಗಳ ಹೆಂಗಸರಿಗೂ ಎಳೆಯರಿಗೂ ಶನಿವಾರ ಮಧ್ಯಾಹ್ನ 2 ಗಂಟೆಗೆ ಕೆಲಸ ನಿಲ್ಲಿಸಿತು. ಅವರಿಲ್ಲದೆ ಗಿರಣಿ ನಡೆಯುವುದು ಕಷ್ಟ. ಗಂಡಸರಿಗೂ ಬಿಡುವು ದೊರೆಯಿತು. ಆ ಬಿಡುವಿನಲ್ಲಿ ಫುಟ್‌ಬಾಲ್ ಬೆಳೆಯಿತು. 1883ರಲ್ಲಿ ಬ್ಲ್ಯಾಕ್‌ಬರ್ನ್ ಎಂಬ ಗಿರಣಿಯೂರಿನ ಒಲಿಂಪಿಕ್ ತಂಡ ಎಫ್.ಎ. ಕಪ್ಪಿನ ಅಂತಿಮ ಪಂದ್ಯಕ್ಕೆ ಲಂಡನ್ನಿಗೆ ಹೋಯಿತು. ತಂಡದಲ್ಲಿ ನೇಯುವವರು, ನೂಲುವವರು, ಎರಕದ ಕೆಲಸದವರು. ಎದುರಿಗೆ ಶ್ರೀಮಂತರ ಈಟನ್ ಶಾಲೆಯಲ್ಲಿ ಓದಿದವರು. ಗಿರಣಿಯೂರಿನವರು 2–1ರಿಂದ ಗೆದ್ದು ಬಂದರು!

ನಮ್ಮ ದೇಶದಲ್ಲಿ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ 1922ರಲ್ಲಿ ವಾರಕ್ಕೆ 60 ಗಂಟೆಯ ಮಿತಿ ಬಂತು; 1934ರ ಕಾಯಿದೆ ಅದನ್ನು 54 ಮಾಡಿತು; 1946ರಲ್ಲಿ 48 ಆಯಿತು. ಅದರ ಹಿಂದೆ ಎಷ್ಟೋ ಮುಷ್ಕರಗಳಿವೆ, ಎಷ್ಟೋ ಮನೆಗಳ ಉಪವಾಸವಿದೆ. 2023ರಲ್ಲಿ ಕರ್ನಾಟಕದ ಶಾಸನಸಭೆ, ಕೆಲಸಗಾರ ಒಪ್ಪಿದರೆ ದಿನಕ್ಕೆ 12 ಗಂಟೆ ದುಡಿಸಬಹುದೆಂದು ತಿದ್ದುಪಡಿ ಮಾಡಿತು. ವಾರದ 48 ಹಾಗೆಯೇ ಇದೆಯಲ್ಲ ಎಂದರು. ಕೆಲಸ ಹೋದೀತೆಂಬ ಭಯದಲ್ಲಿ ಕೊಟ್ಟ ಒಪ್ಪಿಗೆ ಎಂಥ ಒಪ್ಪಿಗೆ? 12 ಗಂಟೆ ನಿಂತು ಮನೆಗೆ ಬಂದ ತಂದೆ ಮಗುವನ್ನು ಹೆಗಲಿಗೇರಿಸಿಯಾನೇ?

ಮಗುವಿಗೆ ಆಡುವ ಹಕ್ಕಿದೆಯೆಂದು ವಿಶ್ವಸಂಸ್ಥೆಯ 1989ರ ಒಡಂಬಡಿಕೆ ಸಾರಿದೆ. ಭಾರತ ಅದನ್ನು 1992ರಲ್ಲಿ ಒಪ್ಪಿದೆ. ವ್ಯಾಪಾರಿ ಬಂಧುಗಳೇ, ನಿಮ್ಮ ಅಂಗಡಿಯಲ್ಲಿ ಎಳೆಯ ಹುಡುಗರನ್ನು ದುಡಿಸಬೇಡಿ. ಕೆಲಸಗಾರ ಬಂಧುಗಳೇ, ಬೇಡಿಕೆಯ ಪಟ್ಟಿಯಲ್ಲಿ ಕೂಲಿಯ ಪಕ್ಕಕ್ಕೇ ಬಿಡುವನ್ನೂ ಬರೆಯಿರಿ. ನಿಮ್ಮ ಕೇರಿಯಲ್ಲಿ ಒಂದು ಬಯಲನ್ನಾದರೂ ಉಳಿಸಿಕೊಳ್ಳಿ. ಗೋಡೆಗೊರಗಿ ಮಲಗಿದ ಆ ಹುಡುಗನಿಗೆ ನಾವು ತೀರಿಸಬೇಕಾದ ಸಾಲ ಇದು.