‘ಮತ್ತು ಸಂಗಡಿಗರು’ ಎಂದು ಅಚ್ಚು ಹಾಕಿದವನ ಮಾತು

(ದೊಡ್ಡಬಳ್ಳಾಪುರದಲ್ಲಿ ನಡೆದ ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಭಾಷಣಗಾರನಲ್ಲ. ಪಿಯುಸಿ ಮುಗಿಸಿ, ಮೊಳೆ ಜೋಡಿಸುವ ಕಾಲ ಮುಗಿಯುವ ಹೊತ್ತಿಗೆ ಪ್ರೆಸ್ಸಿಗೆ ಬಂದವನು. ಮದುವೆ ಪತ್ರಿಕೆ, ಜಾತ್ರೆ ಕರಪತ್ರ, ತಿಥಿ ಕಾರ್ಡು, ಇವೇ ನನ್ನ ಸಾಹಿತ್ಯ. ಹಾಗಾಗಿ ನನ್ನ ಅಂಗಡಿಯ ಕತೆಯಿಂದಲೇ ಶುರು ಮಾಡುತ್ತೇನೆ.

ಹತ್ತು ಹನ್ನೆರಡು ವರ್ಷದ ಹಿಂದೆ ಒಂದು ಊರಹಬ್ಬದ ಕರಪತ್ರ ಬಂತು. ತಮಟೆಯವರ ಏಳು ಹೆಸರು ಬರೆದು ಕೊಟ್ಟಿದ್ದರು. ಜಾಗ ಸಾಲಲಿಲ್ಲ. ದಾನಿಗಳ ಫೋಟೋ ತೆಗೆಯುವ ಹಾಗಿಲ್ಲ! ನಾನೇ ಮೊದಲ ಹೆಸರು ಉಳಿಸಿಕೊಂಡು ‘ಮತ್ತು ಸಂಗಡಿಗರು’ ಎಂದು ಹಾಕಿ ಮುಗಿಸಿದೆ. ಹಬ್ಬ ಕಳೆದ ಮೇಲೆ ಆ ಏಳರಲ್ಲಿ ಒಬ್ಬ ಹಿರಿಯರು ಅಂಗಡಿಗೆ ಬಂದರು. ಜಗಳಕ್ಕಲ್ಲ. ‘ಮೊಮ್ಮಗಳು ಓದೋದು ಕಲ್ತವ್ಳೆ ಸ್ವಾಮಿ, ಚೀಟೀಲಿ ತಾತನ ಹೆಸರು ಎಲ್ಲಿ ಅಂತ ಕೇಳ್ತಾ ಅವ್ಳೆ’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನೀವು ಕುಣಿತದ ಸಿನಿಮಾ ಮಾಡಲು ಹೊರಟಿದ್ದೀರಿ. ರಂಗಮಂದಿರದಲ್ಲಲ್ಲ, ದೇವನಹಳ್ಳಿ ಕೋಟೆಯಲ್ಲಿ, ಹೊಸಕೋಟೆ ಕೆರೆ ಏರಿ ಮೇಲೆ, ಶಿವಗಂಗೆ ಬೆಟ್ಟದ ಬುಡದಲ್ಲಿ, ಇಲ್ಲಿನ ಮಗ್ಗದ ಬೀದಿಗಳಲ್ಲಿ. ಸಂತೋಷ. ಆದರೆ ಜಾಗ ಎಂದರೆ ಬರೀ ಹಿಂದಿನ ಪರದೆಯಲ್ಲ. ಕೋಟೆಯೊಳಗೆ ಜನ ಸಂಸಾರ ಮಾಡಿಕೊಂಡಿದ್ದಾರೆ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಕೈಯಲ್ಲಿದೆ, ಅವರ ಅನುಮತಿ ಬೇಕು, ಸರಿ. ಅಲ್ಲಿ ಬಾಗಿಲಲ್ಲಿ ರಂಗೋಲಿ ಹಾಕುವ ಅಮ್ಮನ ಅನುಮತಿ ಬೇಡವೇ? ಮಗ್ಗದ ಬೀದಿಗೂ ಇದೇ ಮಾತು. ಪವರ್‌ಲೂಮಿನ ಟಕಟಕ ಸದ್ದಿಗೆ ಹೆಜ್ಜೆ ಹಾಕುತ್ತೇವೆ ಎಂದಿರಿ. ಹಾಕಿ. ಅದಕ್ಕೆ ಮುಂಚೆ ನಾಲ್ಕು ದಿನ ಮಗ್ಗದ ಪಕ್ಕ ನಿಂತು, ಎಳೆ ಕಡಿದಾಗ ನೇಕಾರನ ಬೆರಳು ಹೇಗೆ ಓಡುತ್ತದೆ ನೋಡಿ. ಅದೂ ಒಂದು ಕುಣಿತವೇ.

ತಮಟೆ ವಿಷಯ ಸ್ವಲ್ಪ ಹೆಚ್ಚು ಹೇಳಬೇಕು. ಚರ್ಮದ ತಮಟೆಯನ್ನು ಬೆಂಕಿಗೆ ಕಾಯಿಸದಿದ್ದರೆ ನಾದ ಏಳುವುದಿಲ್ಲ. ಮಳೆಗಾಲದಲ್ಲಿ ಶೂಟಿಂಗ್ ಇಟ್ಟುಕೊಂಡು ‘ಸೌಂಡ್ ಬರ್ತಿಲ್ಲ’ ಎಂದು ಅವರ ಮೇಲೆ ರೇಗಬೇಡಿ. ಈಗ ಫೈಬರ್ ತಮಟೆಯೂ ಬಂದಿದೆ. ಅದು ಬೇಡ, ‘ಒರಿಜಿನಲ್’ ಬೇಕು ಎಂದು ಹಟ ಹಿಡಿಯುವುದೂ ತಪ್ಪು. ಹೊತ್ತು ಬಾರಿಸುವವರು ಅವರು. ಊರಿನ ಸಾವಿಗೆ, ಜಾತ್ರೆಗೆ ಬಿಟ್ಟಿಯಾಗಿ ಬಾರಿಸಿ ಬೇಸತ್ತು ತಮಟೆ ಕೆಳಗಿಟ್ಟ ಮನೆಗಳಿವೆ. ಆ ಮನೆಯ ಹುಡುಗ ‘ಬಾರಿಸಲ್ಲ’ ಎಂದರೆ ಪರಂಪರೆ ಹಾಳಾಯಿತು ಎಂದು ಗೋಳಾಡಬೇಡಿ. ಅವನ ಮಾತನ್ನೂ ಸಿನಿಮಾದಲ್ಲಿ ಹಾಕಿ. ಅದೇ ತಮಟೆಗೆ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರ ಮೂಲಕ 2023ರಲ್ಲಿ ಪದ್ಮಶ್ರೀ ಬಂತು. ಎರಡೂ ನಿಜ.

ಕರಗದ ಬಗ್ಗೆ ಒಂದೇ ಮಾತು. ಹೊಸಕೋಟೆ, ದೇವನಹಳ್ಳಿಗಳಲ್ಲೂ ದ್ರೌಪದಿ ಕರಗ ಹೊರಡುತ್ತದೆ. ಹೊರುವವರು ವ್ರತ ಹಿಡಿದು ಹೊರುತ್ತಾರೆ. ಕರಗಕ್ಕೆ ಎರಡನೇ ಟೇಕ್ ಇಲ್ಲ. ಯಾವುದನ್ನು ಕ್ಯಾಮೆರಾಗೆ ತರಬಾರದು ಎಂದು ಮೊದಲೇ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಇನ್ನು ಭಾಷೆ. ನೀವು ತಂದ ಒಪ್ಪಿಗೆ ಪತ್ರ ನೋಡಿದೆ, ಮೂರು ಪುಟ ಇಂಗ್ಲಿಷ್. ಇದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಒಪ್ಪಿಗೆ ಹೇಗಾಗುತ್ತದೆ? 2003ರ ಯುನೆಸ್ಕೋ ಒಪ್ಪಂದಕ್ಕೆ ನಮ್ಮ ದೇಶ 2005ರಲ್ಲಿ ಸೇರಿತು. ಅದರ 15ನೇ ವಿಧಿ, ಪರಂಪರೆ ಉಳಿಸುವ ಕೆಲಸದಲ್ಲಿ ಆ ಸಮುದಾಯದವರೇ ಪಾಲ್ಗೊಳ್ಳಬೇಕು ಎನ್ನುತ್ತದೆ. ತಿಳಿಯದ ಭಾಷೆಯಲ್ಲಿ ಪಾಲ್ಗೊಳ್ಳುವುದು ಹೇಗೆ ಸ್ವಾಮಿ? ಪತ್ರ ಕನ್ನಡದಲ್ಲಿರಲಿ, ಒಂದು ಪುಟ ಮೀರದಿರಲಿ, ಓದಿ ಹೇಳಿ. ಎಷ್ಟು ದಿನ, ದಿನಕ್ಕೆ ಎಷ್ಟು ಹಣ, ಸಿನಿಮಾ ಎಲ್ಲೆಲ್ಲಿ ತೋರಿಸುತ್ತೀರಿ, ಬೇಡವೆಂದರೆ ಯಾರಿಗೆ ಹೇಳಬೇಕು, ಎಲ್ಲ ಬರಲಿ. ಅವರು ಅವತ್ತಿನ ಕೂಲಿ ಬಿಟ್ಟು ಬರುತ್ತಾರೆ ಎಂಬುದು ಮರೆಯಬೇಡಿ.

ಇನ್ನೊಂದು ಮಾತು ನಮ್ಮವರಲ್ಲಿ ಕೆಲವರಿಗೆ ಹಿಡಿಸದು. ನಮ್ಮ ಈ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಕುಣಿಯುತ್ತ ಅಜ್ಜಿ ತೆಲುಗಿನಲ್ಲಿ ಒಂದು ಪದ ಹೇಳಿದರೆ ಕತ್ತರಿ ಹಾಕಬೇಡಿ. ಕೆಳಗೆ ಕನ್ನಡದಲ್ಲಿ ಅರ್ಥ ಕೊಡಿ. ನಮ್ಮ ಜಗಳ ಆ ಅಜ್ಜಿಯ ಜತೆಯಲ್ಲ.

ಚನ್ನರಾಯಪಟ್ಟಣ ಹೋಬಳಿಗೂ ಹೋಗಿ ಬನ್ನಿ. ಅಲ್ಲಿನ 13 ಹಳ್ಳಿಗಳ 1,777 ಎಕರೆ ಉಳಿಸಿಕೊಳ್ಳಲು ರೈತರು 2022ರ ಏಪ್ರಿಲ್‌ನಿಂದ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಡುವುದಾಗಿ ಹೇಳಿತು. ಭೂಮಿ ಹೋಗಿದ್ದರೆ ಹಬ್ಬದ ಬಯಲು, ಕಣ, ಊರಬಾಗಿಲು ಎಲ್ಲವೂ ಹೋಗುತ್ತಿದ್ದವು. ಪೂಜಾ ಕುಣಿತದ ಹೊರೆಯನ್ನು ತಲೆಮೇಲಿಟ್ಟುಕೊಂಡು ಕಾಂಪೌಂಡ್ ಗೋಡೆ ಮುಂದೆ ಕುಣಿಯಲಾದೀತೇ?

ಸಿನಿಮಾದ ಮೊದಲ ಪ್ರದರ್ಶನ ಬೆಂಗಳೂರಿನ ಏಸಿ ಹಾಲಿನಲ್ಲಿ ಬೇಡ. ಕುಣಿದವರ ಊರಲ್ಲೇ ಬಿಳಿ ಬಟ್ಟೆ ಕಟ್ಟಿ ತೋರಿಸಿ. ಬೈದರೆ ಬೈಸಿಕೊಳ್ಳಿ, ತಿದ್ದಿ.

ಒಪ್ಪಿಗೆ ಪತ್ರ, ಕರಪತ್ರ ಎರಡರ ಅಚ್ಚಿನ ಖರ್ಚು ನನ್ನದು. ಮುಂದಿನ ಭಾನುವಾರದೊಳಗೆ ಕುಣಿಯುವವರ, ಬಾರಿಸುವವರ, ಅಡುಗೆಯವರ, ಎಲ್ಲರ ಹೆಸರನ್ನೂ ಇನಿಷಿಯಲ್ ಸಮೇತ ತಪ್ಪಿಲ್ಲದೆ ಬರೆದು ತನ್ನಿ. ಜಾಗ ಸಾಲದಿದ್ದರೆ ದೊಡ್ಡ ಕಾಗದ ಹಾಕೋಣ.