ಇಂದಿನ ಯುವಜನರ ವಿದ್ಯೆ ಕಳಪೆಯೇ?



"ಈಗಿನ ಹುಡುಗರಿಗೆ ಏನೂ ಬರುವುದಿಲ್ಲ; ನಮ್ಮ ಕಾಲದ ನಾಲ್ಕನೆಯ ತರಗತಿ ಇಂದಿನ ಪದವಿಗೆ ಸಮ" ಎಂಬ ಮಾತು, ಬಲಿಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ನಿಂತಾಗ ಹಿರಿಯರ ಬಾಯಿಂದ ಆಗಾಗ ಕೇಳಿಬರುತ್ತದೆ. ಈ ಆರೋಪ ಎಷ್ಟರಮಟ್ಟಿಗೆ ಸತ್ಯವೆಂಬುದನ್ನು ಶತಮಾನೋತ್ಸವದ ಈ ಸಭೆಯಲ್ಲಿ ಪರಿಶೀಲಿಸುವುದು ಉಚಿತವೆಂದು ಭಾವಿಸುತ್ತೇವೆ.

ಮೊದಲು ಹಿಂದಿನ ಕಾಲವನ್ನೇ ನೋಡೋಣ. 1951ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 18 ಮಂದಿ ಮಾತ್ರ. 2011ರ ಜನಗಣತಿಯ ವೇಳೆಗೆ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಆ ಸಂಖ್ಯೆ ಸುಮಾರು 70ಕ್ಕೆ ಏರಿತ್ತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡಮನೆಯೊಂದರಲ್ಲಿ 1920ರಲ್ಲಿ ಜನಿಸಿದ ಡಾ. ಎಚ್. ನರಸಿಂಹಯ್ಯನವರು ಪ್ರೌಢಶಾಲೆಯ ಓದಿಗಾಗಿ 1935ರಲ್ಲಿ ಬೆಂಗಳೂರಿಗೆ ನಡೆದೇ ಹೋದರು. ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಪವಾಡಗಳ ವಿಷಯದಲ್ಲಿ ಅವರ ನಿಲುವು ಬೇರೆ, ನಮ್ಮದು ಬೇರೆ. ಆದರೂ ಅವರ ವಿದ್ಯಾದಾಹಕ್ಕೆ ತಲೆಬಾಗುತ್ತೇವೆ. ಆದರೆ ಅಷ್ಟು ದೂರ ನಡೆಯಲಾರದೆ ಹೊಲಕ್ಕೋ ಕೂಲಿಗೋ ಹೋದ ಅಂದಿನ ಮಕ್ಕಳ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ. ಗೆದ್ದ ಕೆಲವರನ್ನು ಮಾತ್ರ ನೆನೆದು ಇಂದಿನ ಎಲ್ಲ ಮಕ್ಕಳೊಡನೆ ಹೋಲಿಸುವುದು ನ್ಯಾಯವಲ್ಲ.

ಹಾಗೆಂದು ಹಿರಿಯರ ಆತಂಕ ಆಧಾರರಹಿತವೆಂದು ತಳ್ಳಿಹಾಕಲಾಗದು. ಪ್ರಥಮ್ ಸಂಸ್ಥೆಯು 2023ರಲ್ಲಿ ದೇಶದ 28 ಜಿಲ್ಲೆಗಳ ಹಳ್ಳಿಗಳಲ್ಲಿ 14ರಿಂದ 18 ವರ್ಷದವರನ್ನು ಕುರಿತು 'ಅಸರ್' ಸಮೀಕ್ಷೆ ನಡೆಸಿತು. ಅವರಲ್ಲಿ ನೂರಕ್ಕೆ ಸುಮಾರು 87 ಮಂದಿ ಶಾಲೆ ಕಾಲೇಜುಗಳ ದಾಖಲೆಯಲ್ಲಿದ್ದರು. ಆದರೂ ನಾಲ್ವರಲ್ಲಿ ಒಬ್ಬರು ತಮ್ಮ ಪ್ರಾಂತ್ಯದ ಭಾಷೆಯಲ್ಲಿ ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಲಾರದವರು. ಸರಳ ಭಾಗಾಕಾರ ಮಾಡಬಲ್ಲವರು ಅರ್ಧಕ್ಕಿಂತ ಕಡಮೆ. ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶವೂ ಇದನ್ನೇ ಸೂಚಿಸುತ್ತದೆ. 2023ರಲ್ಲಿ ಶೇಕಡ 83.89 ಮಂದಿ ತೇರ್ಗಡೆಯಾದರು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾ ಕಾವಲು ಬಂದಿತು. ಕೃಪಾಂಕ ಹೆಚ್ಚಿಸಿದ ಮೇಲೂ ಫಲಿತಾಂಶ 73.40ಕ್ಕೆ ಇಳಿಯಿತು. ಆ ಹೆಚ್ಚುವರಿ ಕೃಪಾಂಕವಿಲ್ಲದ 2025ರ ಮೊದಲ ಪರೀಕ್ಷೆಯಲ್ಲಿ ಅದು 62.34. ಎರಡು ವರ್ಷಗಳಲ್ಲಿ ಮಕ್ಕಳ ಬುದ್ಧಿ ಕುಗ್ಗಿತೆಂದು ಯಾರೂ ಹೇಳಲಾರರು. ಅಳತೆಗೋಲು ನೇರವಾಯಿತು, ಅಷ್ಟೆ.

ಬುದ್ಧಿಗಂತೂ ಇಲ್ಲಿ ಬರವಿಲ್ಲ. ನಮ್ಮ ರೇಷ್ಮೆ ಮನೆಗಳನ್ನು ನೋಡಿರಿ. ಹುಳು ಯಾವಾಗ ಜ್ವರಕ್ಕೆ ಕೂತಿತು, ಸೊಪ್ಪು ಎಂದು ನಿಲ್ಲಿಸಬೇಕು, ಹಣ್ಣಾದ ಹುಳುವನ್ನು ಎಂದು ಚಂದ್ರಿಕೆಗೆ ಬಿಡಬೇಕು ಎಂಬುದನ್ನು ಹದಿನಾರರ ಹುಡುಗಿ ನಿಖರವಾಗಿ ಬಲ್ಲಳು. ಮುರುಗಮಲ್ಲದ ದರ್ಗಾಕ್ಕೆ ಬರುವ ಯಾತ್ರಿಕರೊಡನೆ ಅಂಗಡಿಯ ಹುಡುಗನು ಕನ್ನಡ, ತೆಲುಗು, ಉರ್ದು ಮೂರರಲ್ಲಿಯೂ ವ್ಯವಹರಿಸಬಲ್ಲನು. ಅದೇ ಹುಡುಗನು ಒಂದು ಅರ್ಜಿಯನ್ನು ಯಾವ ಭಾಷೆಯಲ್ಲಿಯೂ ಸ್ವಂತವಾಗಿ ಬರೆಯಲಾರದೆ ತಡವರಿಸಿದರೆ, ಅದು ಅವನ ದಡ್ಡತನವಲ್ಲ. ಈ ಗಡಿಸೀಮೆಯಲ್ಲಿ ಎಷ್ಟೋ ಮಕ್ಕಳಿಗೆ ಮನೆಯ ಮಾತು ಒಂದು, ಪಾಠದ ಭಾಷೆ ಇನ್ನೊಂದು, ತಂದೆತಾಯಿಗಳು ಆಸೆಪಡುವ ಇಂಗ್ಲಿಷು ಮತ್ತೊಂದು. ಯಾವುದೂ ಬೇರುಬಿಡುವ ಮುನ್ನವೇ ಮುಂದಿನ ತರಗತಿಗೆ ದಾಟಿಸಿದರೆ, ಕೈಯಲ್ಲಿ ಪ್ರಮಾಣಪತ್ರವಿದ್ದರೂ ಓದು ಇರುವುದಿಲ್ಲ.

ಇದರ ನಷ್ಟ ಪರೀಕ್ಷೆಗೆ ಮಾತ್ರ ಸೀಮಿತವಲ್ಲ. ಸಾಲ ವಸೂಲಿಯ ಕಿರುಕುಳವನ್ನು ತಡೆಯಲು 2025ರಲ್ಲಿ ಕರ್ನಾಟಕ ಸರ್ಕಾರವು ಕಿರುಸಾಲಗಳ ಬಗ್ಗೆ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಕಾನೂನು ಬಡವನ ಬೆನ್ನಿಗೆ ನಿಲ್ಲಲಿ, ಆದರೆ ರುಜು ಹಾಕುವ ಮುನ್ನ ಕಾಗದವನ್ನು ಓದಿ, "ಇಲ್ಲಿ ಬಡ್ಡಿ ಎಷ್ಟೆಂದು ಬರೆದಿದೆ?" ಎಂದು ಕೇಳಬಲ್ಲ ಒಬ್ಬ ಮಗನೋ ಮಗಳೋ ಮನೆಯಲ್ಲಿರಬೇಕು. ಓದದೆ ಹೆಬ್ಬೆಟ್ಟೊತ್ತಿದ ಅಜ್ಜನಿಗೂ ಓದದೆ ರುಜು ಹಾಕುವ ಪದವೀಧರ ಮೊಮ್ಮಗನಿಗೂ ಸಾಲದ ಮುಂದೆ ಏನು ವ್ಯತ್ಯಾಸ?

ಹಾಗಾದರೆ ಮಾಡಬೇಕಾದುದೇನು? ಮಕ್ಕಳ ಮೊದಲ ಹಾಗೂ ಪ್ರಧಾನ ಶಿಕ್ಷಕರು ತಂದೆತಾಯಿಗಳೇ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಘೋಷಿಸಿತು. "ನಮಗೇ ಓದು ಬಾರದು, ಸ್ವಾಮಿ" ಎನ್ನುವ ತಾಯಂದಿರೂ ಇದ್ದಾರೆ. ಅಮ್ಮಾ, ನಿಮಗೆ ಓದು ಬಾರದಿದ್ದರೂ ಕೇಳಲು ಬರುತ್ತದೆಯಲ್ಲವೇ? ಸಂಜೆ ಅರ್ಧ ಗಂಟೆ ಮಗುವನ್ನು ಹತ್ತಿರ ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿರಿ. "ಅಂದರೆ ಏನು ಮಗು, ನನಗೆ ತಿಳಿಯುವ ಹಾಗೆ ಹೇಳು" ಎನ್ನಿರಿ. ಮನೆಮಾತಿನಲ್ಲಿ ಬಿಡಿಸಿ ಹೇಳಬಲ್ಲ ಮಗುವಿಗೆ ಪಾಠ ಅರ್ಥವಾಗಿದೆ ಎಂದೇ ತಿಳಿಯಿರಿ. ಅಂಕವೆಷ್ಟೆಂದು ವಿಚಾರಿಸುವ ತಂದೆಯು ಅರ್ಥವೇನೆಂದೂ ವಿಚಾರಿಸಲಿ.

ಧರ್ಮಕೇಂದ್ರಕ್ಕೂ ಇದರಲ್ಲಿ ಹೊಣೆಯಿದೆ. ಶತಮಾನೋತ್ಸವದ ದೀಪಾಲಂಕಾರ ನಾಲ್ಕು ದಿನ ಉರಿದು ಆರುತ್ತದೆ. ನಮ್ಮ ಸಭಾಭವನದಲ್ಲಿ ಸಂಜೆ ಒಂದು ದೀಪ ವರ್ಷವಿಡೀ ಉರಿಯಲಿ. ಕಾಲೇಜಿಗೆ ಹೋಗುವ ಯುವಕ ಯುವತಿಯರು ವಾರಕ್ಕೆರಡು ದಿನ ಬಂದು ಕಿರಿಯರ ಪಕ್ಕದಲ್ಲಿ ಕುಳಿತು ಓದಿಸಲಿ. ಯಾವ ಮತದ ಮಗು ಬಂದರೂ ಚಾಪೆಯ ಮೇಲೆ ಜಾಗವಿರಲಿ. ಕಲಿಸುವವರೂ ಆಗ ಎರಡನೆಯ ಸಲ ಕಲಿಯುವರು.

ಹಿರಿಯರೇ, ಈ ಮಕ್ಕಳನ್ನು ಹಳಿಯುವ ಬದಲು ಅವರ ಓದನ್ನು ಆಲಿಸಿರಿ. ಯುವ ಮಿತ್ರರೇ, ಪ್ರಮಾಣಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಪುಸ್ತಕವನ್ನು ಕೈಗೆತ್ತಿಕೊಳ್ಳಿರಿ. ನಿಮ್ಮ ಮನೆಯವರನ್ನು ಕಾಯುವ ವಿದ್ಯೆ ಅದು. ದೇವರು ನಿಮ್ಮೆಲ್ಲರನ್ನು ಆಶೀರ್ವದಿಸಲಿ.